ಮಕ್ಕಳ ಡಾಕ್ಟರ್‌ಗೆ ಕೇಳಿ: ಮಾತು, ಮನೆ, ಮೊಬೈಲ್

ತುಮಕೂರಿನ ಅಮ್ಮ: ನಮಸ್ತೆ ಮೇಡಂ. ಮಗನಿಗೆ 20 ತಿಂಗಳು. ನಾನು ತೆಲುಗು, ಮನೆಯವರು ಕನ್ನಡ. ಮೂವತ್ತು ಪದ ಬರುತ್ತೆ, ಎಲ್ಲಾ ಬೆರಕೆ. ಒಂದೇ ಭಾಷೆ ಆಡಬೇಕಾ?

ಡಾಕ್ಟರ್: ಬೇಡ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎರಡರ ಪದಗಳನ್ನೂ ಸೇರಿಸಿ ಎಣಿಸಿ.

ಹಾಸನದ ಅಪ್ಪ: 9 ತಿಂಗಳ ಮಗಳಿಗೆ ವಾಕರ್ ತರಬಹುದಾ?

ಡಾಕ್ಟರ್: ತರಬೇಡಿ. ನಡಿಗೆ ಬೇಗ ಬರುವುದಿಲ್ಲ, ಬಿದ್ದು ಪೆಟ್ಟಾಗುತ್ತೆ. ಕೆನಡಾದಲ್ಲಿ 2004ರಿಂದ ಮಾರಾಟವೇ ನಿಷೇಧ.

ಧಾರವಾಡದ ಅಮ್ಮ: ಮಗಳು ಎಡಗೈಯಲ್ಲಿ ಉಣ್ಣುತ್ತಾಳೆ. ನೆಂಟರೆಲ್ಲ ಬೈಯುತ್ತಾರೆ. ಬಲಗೈಗೆ ತಿದ್ದಬೇಕಾ?

ಬೆಂಗಳೂರಿನ ಅಮ್ಮ: ಮಗನಿಗೆ 22 ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಆಯಾ ಮೊಬೈಲ್ ಕೊಟ್ಟು ಊಟ ಮಾಡಿಸುತ್ತಾರೆ. ಮೊದಲು ಅಮ್ಮ, ತಾತ, ನೀನಿ ಅನ್ನುತ್ತಿದ್ದ. ಈಗ ಒಂದೂ ಇಲ್ಲ. ಕರೆದರೆ ತಿರುಗಲ್ಲ. ಬೆರಳು ಮಾಡಿ ತೋರಿಸಲ್ಲ, ಕೈ ಹಿಡಿದು ಎಳೆಯುತ್ತಾನೆ. ಕೆಲಸ ಬಿಟ್ಟರೆ ಸರಿಹೋಗ್ತಾನೆ ಅಂತಾರೆ ಅತ್ತೆ.

ಡಾಕ್ಟರ್: ನಿಮಗೆ ಉದ್ದವಾಗಿಯೇ ಬರೆಯುತ್ತೇನೆ. ಮಾತು ತಡವಾಗುವುದು ಬೇರೆ, ಬಂದ ಮಾತು ಹೋಗುವುದು ಬೇರೆ. ಇದಕ್ಕೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲ ಸದ್ದಿಗೆ ತಿರುಗುತ್ತಾನೆ ಅಂತ ಬಿಡಬೇಡಿ. ಜೊತೆಗೆ ಬೆಳವಣಿಗೆಯ ತಪಾಸಣೆ ಆಗಲಿ, ಆಟಿಸಂ ಇದೆಯಾ ಅಂತಲೂ ಅಲ್ಲಿ ನೋಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾಡುತ್ತಾರೆ.

ತಾಯಿ ಕೆಲಸಕ್ಕೆ ಹೋಗುವುದರಿಂದ ಆಟಿಸಂ ಬರುವುದಿಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಆದರೆ ಊಟದ ಹೊತ್ತಿನ ಮೊಬೈಲ್ ಇವತ್ತೇ ನಿಲ್ಲಲಿ. ಅಜ್ಜಿ ತುತ್ತು ಹಿಡಿದು ಚಂದಮಾಮನನ್ನು ತೋರಿಸುತ್ತಾರಲ್ಲ, ಕೂಸು ಅತ್ತ ನೋಡಿ, ತಿರುಗಿ ಅಜ್ಜಿಯ ಮುಖ ನೋಡಿ "ಆ" ಅನ್ನುತ್ತೆ. ಅಜ್ಜಿ "ಹೌದು ಕಂದಾ, ಚಂದಮಾಮ" ಅನ್ನುತ್ತಾರೆ. ಮಾತು ಕಲಿಯುವುದು ಹೀಗೆ, ಇಬ್ಬರೂ ಒಂದನ್ನೇ ನೋಡುತ್ತಾ. ಮೊಬೈಲ್ ಮಗುವಿನ "ಆ"ಗೆ ಉತ್ತರ ಕೊಡುವುದಿಲ್ಲ. ಆಯಾಗೂ ಇದನ್ನು ಕಲಿಸಿ, ಅವರ ಭಾಷೆ ಯಾವುದಾದರೂ ಸರಿ.

ಶಿವಮೊಗ್ಗದ ಸದಸ್ಯ: ಬಂದದ್ದು ಹಾಕುತ್ತಿದ್ದೇನೆ. ಬಜೆಯನ್ನು ಜೇನಲ್ಲಿ ತೇಯ್ದು 40 ದಿನ ನಾಲಿಗೆಗೆ ಹಚ್ಚಿದರೆ ಮಾತು ಪಟಪಟ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಅಳಿಸಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು, ಬಾಟ್ಯುಲಿಸಂ ಅನ್ನುವ ಅಪಾಯಕಾರಿ ವಿಷಬಾಧೆ ಆಗಬಹುದು. ಬಜೆಯಿಂದ ಮಾತು ಬರುವುದಿಲ್ಲ. 40 ದಿನ ಕಾಯ್ದರೆ ಈ ಮಗುವಿಗೆ 40 ದಿನ ನಷ್ಟ.

ಶಿವಮೊಗ್ಗದ ಸದಸ್ಯ: ನಮ್ಮಜ್ಜಿ ಹನ್ನೊಂದು ಮಕ್ಕಳಿಗೆ ಕೊಟ್ಟಿದ್ದರು.

ತುಮಕೂರಿನ ಅಮ್ಮ: ಆ ಮನೆಯಲ್ಲಿ ಹನ್ನೊಂದು ಮಕ್ಕಳಿದ್ದರು, ದಿನವಿಡೀ ಮಾತಿತ್ತು. ಬಜೆಯಿಂದ ಬಂತು ಅಂತ ಹೇಗೆ ಹೇಳ್ತೀರಿ?

ಮಂಗಳೂರಿನ ಅಜ್ಜ: ಈಗಿನವರಿಗೆ ಹಿರಿಯರೇ ಬೇಡ. ಬೇರೆ ಮನೆ ಮಾಡುತ್ತಾರೆ, ಆಮೇಲೆ ಡಾಕ್ಟರ್ ಹತ್ತಿರ ಓಡುತ್ತಾರೆ.

ತುಮಕೂರಿನ ಅಮ್ಮ: ಕೆಲಸ ಇರುವುದು ಊರಲ್ಲಲ್ಲ ಸರ್. ಆ ತಾಯಿಗೆ ಚುಚ್ಚಬೇಡಿ.

ಧಾರವಾಡದ ಅಮ್ಮ: ಎಡಗೈ ಬಗ್ಗೆ ಯಾರಾದರೂ ಹೇಳಿ, ಪ್ಲೀಸ್.

ಬಳ್ಳಾರಿಯ ಅಮ್ಮ: ಮೇಡಂ, ವಾಕರ್ ಕೊಡಬಹುದಾ?

ಡಾಕ್ಟರ್: ಮೇಲೆ ಓದಿ.

ಶಿವಮೊಗ್ಗದ ಸದಸ್ಯ: ಡಾಕ್ಟರ್‌ಗಳಿಗೆ ಫೀಸ್ ಮುಖ್ಯ, ಅದಕ್ಕೇ ಬಜೆ ಬೇಡ.

ಅಡ್ಮಿನ್: ಇದು ಅತಿಯಾಯ್ತು. ಇನ್ನೊಂದು ಸಲ ಹೀಗೆ ಬರೆದರೆ ಗುಂಪಿನಿಂದ ತೆಗೆಯುತ್ತೇನೆ.

ಬೆಂಗಳೂರಿನ ಅಮ್ಮ: ಸೋಮವಾರ ರಜೆ ಹಾಕಿದ್ದೇನೆ ಮೇಡಂ. ಏನು ತೆಗೆದುಕೊಂಡು ಹೋಗಲಿ?

ಡಾಕ್ಟರ್: ತಾಯಿ ಕಾರ್ಡ್, ಲಸಿಕೆಯ ದಾಖಲೆ. ಅವನು ಮಾತಾಡುತ್ತಿದ್ದಾಗಿನ ವಿಡಿಯೋ ಇದ್ದರೆ ಅದು, ಈಗಿನದೂ ಒಂದು. ಆಯಾ ಬರುವುದಾದರೆ ಕರೆದುಕೊಂಡು ಹೋಗಿ, ಹಗಲಲ್ಲಿ ಅವನ ಜೊತೆ ಇರುವವರು ಅವರೇ.