ಪದಚರ್ಚೆ: ‘ರೆಪರೇಶನ್’ಗೆ ‘ಪರಿಹಾರ’ ಸಾಕೇ?

ಬಲ್ಲವರ ಸಲಹೆ ಬೇಕಿತ್ತು.

ಯುದ್ಧದಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರ ಜೊತೆ ನಿಲ್ಲುವ ವಕೀಲರು, ಆಪ್ತಸಮಾಲೋಚಕರಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೆಪರೇಶನ್’ (reparation, ಅಂದರೆ ತಪ್ಪಿನ ಹೊಣೆ ಹೊತ್ತು ನೊಂದವರಿಗೆ ಆದ ಹಾನಿಯನ್ನು ಸರಿಪಡಿಸುವುದು) ಎಂಬಲ್ಲಿ ಕೆಲಸ ನಿಂತಿದೆ. ಕರಡಿನಲ್ಲಿ ಸದ್ಯಕ್ಕೆ ‘ಪರಿಹಾರ’ ಎಂದಿಟ್ಟಿದ್ದೇನೆ. ಆದರೆ ನೆರೆ ಬಂದರೂ ಪರಿಹಾರ, ಬಸ್ಸು ಗುದ್ದಿದರೂ ಪರಿಹಾರ, ಸಮಸ್ಯೆ ಬಗೆಹರಿದರೂ ಪರಿಹಾರ. ಕೊಡುವವರ ಮೇಲೆ ತಪ್ಪಿನ ಹೊಣೆ ಇದೆ ಎಂಬುದು ಆ ಪದದಲ್ಲಿಲ್ಲ. ಇಲ್ಲಿ ಮುಖ್ಯವಾದದ್ದೇ ಅದು.

ಹಣವೊಂದೇ ಆಗಿದ್ದರೆ ತೊಂದರೆಯಿರಲಿಲ್ಲ. 2005ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ತತ್ತ್ವಗಳಲ್ಲಿ ಇದಕ್ಕೆ ಐದು ರೂಪಗಳಿವೆ: ಸಾಧ್ಯವಾದಷ್ಟು ಹಿಂದಿನ ಸ್ಥಿತಿಗೆ ಮರಳಿಸುವುದು, ನಷ್ಟಕ್ಕೆ ಹಣ, ಚಿಕಿತ್ಸೆ ಮತ್ತು ಪುನಶ್ಚೇತನ, ಸತ್ಯ ಒಪ್ಪಿ ಕ್ಷಮೆ ಕೇಳುವುದು, ಮತ್ತೆ ನಡೆಯದೆಂಬ ಖಾತರಿ. ಐಸಿಸ್ ಉಗ್ರರ ಹಿಂಸೆಗೆ ತುತ್ತಾದ ಯಜೀದಿ ಎಂಬ ಧಾರ್ಮಿಕ ಅಲ್ಪಸಂಖ್ಯಾತರಲ್ಲಿ ಬದುಕುಳಿದವರಿಗಾಗಿ ಇರಾಕ್ 2021ರಲ್ಲಿ ತಂದ ಕಾನೂನಿನಲ್ಲಿ ತಿಂಗಳ ಭತ್ಯೆ, ನಿವೇಶನ, ಓದಿಗೆ ಅವಕಾಶ ಇವೆಲ್ಲದರ ಜೊತೆಗೆ ನಡೆದದ್ದು ನರಮೇಧ ಎಂಬ ಒಪ್ಪಿಗೆಯೂ ಇದೆ. ‘ಪರಿಹಾರಧನ’ ಎಂದರೆ ಇದರಲ್ಲಿ ಬಹುಪಾಲು ಉದುರಿಹೋಗುತ್ತದೆ.

ಪದ ಚಿಲ್ಲರೆ ವಿಷಯ ಅನ್ನುವವರಿಗೆ ಜಪಾನಿನ ಪ್ರಸಂಗ ನೆನಪಿಸುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ದೂಡಿದ ಮಹಿಳೆಯರಿಗಾಗಿ 1995ರಲ್ಲಿ ಏಷ್ಯನ್ ವಿಮೆನ್ಸ್ ಫಂಡ್ ಶುರುವಾಯಿತು. ಅದು ಕೊಟ್ಟ ಹಣಕ್ಕೆ ‘ತ್ಸುಗುನಾಯ್‌ಕಿನ್’, ಅಂದರೆ ಪ್ರಾಯಶ್ಚಿತ್ತದ ಹಣ, ಎಂಬ ಹೆಸರು. ಕಾನೂನಿನ ಹೊಣೆ ಆ ಹೆಸರಿನಲ್ಲಿರಲಿಲ್ಲ. ಪ್ರಧಾನಿಯ ಕ್ಷಮಾಪಣೆಯ ಪತ್ರವೂ ಜೊತೆಗಿತ್ತು. ಆದರೂ ದಕ್ಷಿಣ ಕೊರಿಯಾದ ಎಷ್ಟೋ ವೃದ್ಧೆಯರು ಅದನ್ನು ಮುಟ್ಟಲಿಲ್ಲ. ಆ ಹಣ ಬಂದದ್ದು ಜನರ ದೇಣಿಗೆಯಿಂದ. ಅವರು ಕೇಳಿದ್ದು ಸರ್ಕಾರ ಕಾನೂನಿನ ಪ್ರಕಾರ ಹೊಣೆ ಹೊರಬೇಕೆಂದು.

ಹಾಗಾದರೆ ಯಾವ ಪದ? ‘ದಂಡ’ ಬೊಕ್ಕಸಕ್ಕೆ ಹೋಗುತ್ತದೆ, ‘ತಪ್ಪುಕಾಣಿಕೆ’ ದೇವರಿಗೆ. ನೊಂದವರ ಕೈಗೆ ಎರಡೂ ಬರುವುದಿಲ್ಲ. ‘ನಷ್ಟಭರ್ತಿ’ಯಲ್ಲಿ ವ್ಯಾಪಾರದ ವಾಸನೆ. ‘ನ್ಯಾಯಯುತ ಪರಿಹಾರ’ ಭೂಸ್ವಾಧೀನದ ಸುದ್ದಿಗಳಲ್ಲಿ ಸವೆದುಹೋಗಿದೆ. ನನ್ನ ಮನಸ್ಸು ‘ಹೊಣೆಪರಿಹಾರ’ದ ಕಡೆಗಿದೆ. ಅರಿಸಮಾಸ ಎಂದು ವೈಯಾಕರಣರು ಮುನಿಯಬಹುದು, ಮುನಿಯಲಿ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಇನ್ನೊಂದು. ಪತ್ರಿಕೆಗಳ ‘ಸಂತ್ರಸ್ತೆ’ಯನ್ನು ಬಿಟ್ಟಿದ್ದೇನೆ, ಈ ಹಿಂಸೆಗೆ ಗಂಡಸರೂ ಹುಡುಗರೂ ಒಳಗಾಗಿದ್ದಾರೆ. ‘ಬದುಕುಳಿದವರು’ ಎಂದು ಬಳಸುತ್ತಿದ್ದೇನೆ. ಹೊಗಳಿಕೆಯ ಹೆಸರಿನ ಬಗ್ಗೆ ನನಗೆ ಅನುಮಾನವೇ. 1971ರ ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ಆ ಬಳಿಕ ಬಾಂಗ್ಲಾದೇಶ ಕೊಟ್ಟ ‘ಬೀರಾಂಗನಾ’ (ವೀರಾಂಗನೆ) ಬಿರುದು ಬಹಳ ಮಂದಿಗೆ ಊರವರ ಮೂದಲಿಕೆಯಾಗಿ ಅಂಟಿಕೊಂಡಿತು. ಅವರನ್ನು ಮುಕ್ತಿಯೋಧರೆಂದು, ಅಂದರೆ ವಿಮೋಚನಾ ಹೋರಾಟಗಾರರೆಂದು, ಸರ್ಕಾರ ಗುರುತಿಸತೊಡಗಿದ್ದು 2015ರಲ್ಲಿ.

‘ಮಾನಭಂಗ’ವನ್ನಂತೂ ಎಲ್ಲೂ ಬಳಸಬಾರದೆಂದಿದ್ದೆ. ಆದರೆ ಯುದ್ಧಕಾಲದಲ್ಲಿ ನಾಗರಿಕರನ್ನು ಕಾಪಾಡಲೆಂದಿರುವ 1949ರ ನಾಲ್ಕನೇ ಜಿನೀವಾ ಒಪ್ಪಂದದ 27ನೇ ವಿಧಿಯೇ ಅತ್ಯಾಚಾರವನ್ನು ಹೆಂಗಸರ ಮಾನದ ಮೇಲಿನ ದಾಳಿ ಎನ್ನುತ್ತದೆ. ಆ ವಿಧಿಯನ್ನು ಉಲ್ಲೇಖಿಸುವಲ್ಲಿ ‘ಮಾನ’ವನ್ನು ಹಾಗೇ ಉಳಿಸಿ ಅಡಿಟಿಪ್ಪಣಿ ಕೊಡುವುದೋ, ‘ಘನತೆ’ ಎಂದು ತಿದ್ದುವುದೋ? ಕಾನೂನು ಅನುವಾದದಲ್ಲಿ ಪಳಗಿದವರು ಏನನ್ನುತ್ತೀರಿ?