ಕುರಿಹಿಕ್ಕೆಯಲ್ಲಿ ಬಾಳುವ ಕೀಟಕ್ಕೆ ‘ಸಗಣಿ ಹುಳು’ ಎಂಬ ಹೆಸರು ಸಲ್ಲುತ್ತದೆಯೆ?

ಅಫೋಡಿಯಸ್ ಲ್ಯಾಪೋನಮ್ ಎಂಬ ಕೀಟದ ವಿವರಣೆಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಈಚಿನ ವರ್ಗೀಕರಣ ಇದನ್ನು ಅಗೋಲೀನಸ್ ಕುಲದಲ್ಲಿ ಇರಿಸುತ್ತದೆ. ಇಂಥ ಕೀಟಗಳನ್ನೆಲ್ಲ ನಾವು ‘ಸಗಣಿ ಹುಳು’ ಎಂದು ಕರೆಯುವುದು ರೂಢಿ. ಆದರೆ ಕನ್ನಡದಲ್ಲಿ ಸಗಣಿ ದನ, ಎಮ್ಮೆಗಳದು. ಕುರಿ, ಆಡು, ಜಿಂಕೆಗಳದು ಹಿಕ್ಕೆ. ಕುದುರೆ, ಆನೆಗಳದು ಲದ್ದಿ. ಈ ಕೀಟವಾದರೋ ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್ ಮತ್ತು ವೇಲ್ಸಿನ ಗುಡ್ಡಗಾಡಿನ ಮೇವುನೆಲಗಳಲ್ಲಿ ಹೆಚ್ಚಾಗಿ ಕುರಿಹಿಕ್ಕೆಯಲ್ಲೇ ಕಾಣಸಿಗುತ್ತದೆ. ಜಿಂಕೆಯ ಹಿಕ್ಕೆಯೂ ದನದ ಸಗಣಿಯೂ ಅದಕ್ಕೆ ಒಗ್ಗುತ್ತವೆ. ಇಷ್ಟು ಬೇರೆಬೇರೆ ಮಾತುಗಳಿರುವ ಭಾಷೆಯಲ್ಲಿ ಒಂದನ್ನೇ ಎಲ್ಲಕ್ಕೂ ಹೊಂದಿಸಿದರೆ ಕೀಟದ ಆಹಾರದ ಬಗ್ಗೆಯೇ ಓದುಗರಿಗೆ ತಪ್ಪು ಕಲ್ಪನೆ ಮೂಡೀತು ಎಂಬುದು ನನ್ನ ಅಳುಕು.

‘ಬೆಟ್ಟದ’ ಎಂಬ ವಿಶೇಷಣವನ್ನೂ ಎಚ್ಚರದಿಂದಲೇ ಬಳಸಬೇಕಾಗಿದೆ. ಬ್ರಿಟನ್ನಿನಲ್ಲಿ ಇದು ಎತ್ತರದ ಜಾಗಗಳ ಕೀಟವೆನಿಸಿದ್ದರೂ ಉತ್ತರಕ್ಕೆ ಹೋದಷ್ಟೂ ತಗ್ಗಿನಲ್ಲಿಯೂ ಕಾಣಿಸುತ್ತದೆ. ಸ್ಕ್ಯಾಂಡಿನೇವಿಯಾ, ಐಸ್‌ಲ್ಯಾಂಡ್‌ಗಳಲ್ಲಿಯೂ ಇದು ಇದೆ. ಇದಕ್ಕೆ ಬೇಕಾದದ್ದು ಎತ್ತರಕ್ಕಿಂತ ಹೆಚ್ಚಾಗಿ ತಂಪು. ಹೀಗಿರುವಾಗ ‘ಶೀತನೆಲದ’ ಎಂಬುದೇ ವಾಸಸ್ಥಾನವನ್ನು ಸರಿಯಾಗಿ ಸೂಚಿಸುವುದೆಂದು ನನಗೆ ತೋರುತ್ತದೆ. ಇದು ಉಂಡೆ ಕಟ್ಟಿ ಉರುಳಿಸುವ ಜಾತಿಯಲ್ಲ, ಹಿಕ್ಕೆಯೊಳಗೇ ಉಳಿದು ತಿನ್ನುವಂಥದ್ದು. ಆದ್ದರಿಂದ ‘ಉಂಡೆಹುಳು’ ಎಂಬುದನ್ನು ಮೊದಲೇ ಬಿಟ್ಟಿದ್ದೇನೆ. ‘ಜೀರುಂಡೆ’ ಎಂದರೆ ಮರದಲ್ಲಿ ಕೂತು ಜೀರ್ ಎಂದು ಕೂಗುವ ಕೀಟವೇ ಹಲವರಿಗೆ ನೆನಪಾಗುವುದರಿಂದ ಅದೂ ಬೇಡವೆನಿಸಿತು.

ಗುರುತಿಸುವ ಭಾಗದಲ್ಲಿ ತೊಡಕು ಇನ್ನೂ ಹೆಚ್ಚು. ಸುಮಾರು 5ರಿಂದ 7 ಮಿ.ಮೀ. ಉದ್ದದ ಈ ಕೀಟದ ತಲೆ ಮತ್ತು ಎದೆಯ ಮೇಲ್ಭಾಗ ಕಪ್ಪು, ಬೆನ್ನನ್ನು ಮುಚ್ಚುವ ಗಟ್ಟಿ ರೆಕ್ಕೆಗಳು ಕೆಂಪು ಛಾಯೆಯ ಕಂದು. ಹತ್ತಿರದ ಅಫೋಡಿಯಸ್ ಫಿಮೆಟೇರಿಯಸ್‌ಗೂ ಕೆಂಪು ರೆಕ್ಕೆಗಳೇ ಇವೆ. ಆದರೆ ಅದರ ಎದೆಯ ಮುಂದಿನ ಎರಡು ಮೂಲೆಗಳಲ್ಲಿ ಕೆಂಪು ಮಚ್ಚೆಗಳಿರುತ್ತವೆ, ಇದರಲ್ಲಿ ಅವಿಲ್ಲ. ಗಟ್ಟಿ ರೆಕ್ಕೆಗಳೆರಡೂ ಎದೆಗೆ ಕೂಡುವ ಜಾಗದಲ್ಲಿ, ನಡುವೆ, ಪುಟ್ಟ ತ್ರಿಕೋನದ ತುಣುಕೊಂದು ಮಸೂರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಫೋಡಿಯಸ್‌ಗಳನ್ನು ಒಂಥೋಫೇಗಸ್ ಎಂಬ ಇನ್ನೊಂದು ಕುಲದ ಸಗಣಿ ಹುಳುಗಳಿಂದ ಬೇರ್ಪಡಿಸಲು ಇದು ಬಹುಮುಖ್ಯ, ಏಕೆಂದರೆ ಒಂಥೋಫೇಗಸ್‌ನಲ್ಲಿ ಅದು ಹೊರಗೆ ಕಾಣುವುದೇ ಇಲ್ಲ.

ಈ ತುಣುಕಿಗೆ ‘ಕಿರುಗುರಾಣಿ’, ಗಟ್ಟಿ ರೆಕ್ಕೆಗೆ ‘ಚಿಪ್ಪುರೆಕ್ಕೆ’ ಎಂಬ ಪದಗಳನ್ನು ಸದ್ಯಕ್ಕೆ ಬಳಸಿದ್ದೇನೆ. ಇವುಗಳಿಗೆ ಈಗಾಗಲೇ ಬಳಕೆಯಲ್ಲಿರುವ ಪದಗಳಿದ್ದರೆ ದಯವಿಟ್ಟು ತಿಳಿಸಿ. ಸಗಣಿ, ಹಿಕ್ಕೆ, ಲದ್ದಿ ಮೂರನ್ನೂ ಒಳಗೊಳ್ಳುವ ಒಂದು ಮಾತು ಕುರಿ ಸಾಕುವವರ ಆಡುನುಡಿಯಲ್ಲಿ ಇದೆಯೆ, ಅಥವಾ ‘ಹಿಕ್ಕೆಹುಳು’ ಎಂದೇ ಹೊಸದಾಗಿ ಕರೆಯಬಹುದೆ?