ಕಾಡು ಕಡಿದು ಕೋಕೋ ಬೆಳೆದವರು ‘ಹೊರಗಿನವರು’ ಆಗಿದ್ದು ಹೇಗೆ?

ಪ್ರಶ್ನೆ: ಐವರಿ ಕೋಸ್ಟ್‌ನ ಕೋಕೋ ರೈತರ ಬಗ್ಗೆ ಓದುತ್ತಿದ್ದೇನೆ. ಪಶ್ಚಿಮದ ಕಾಡುಸೀಮೆಗೆ ನೆರೆಯ ಬುರ್ಕಿನಾ ಫಾಸೊ ದೇಶದಿಂದ ಬಂದವರು, ಐವರಿ ಕೋಸ್ಟ್‌ನದೇ ಮಧ್ಯಭಾಗದಿಂದ ಬಂದ ಬೌಲೆ ಜನ, ಎಲ್ಲರೂ ಸ್ಥಳೀಯರ ಜೊತೆ ದಶಕಗಟ್ಟಲೆ ಬಾಳಿದವರು. ಹಾಗಾದ್ರೆ ಜನಾಂಗದ ಜಗಳ ಎಲ್ಲಿಂದ ಬಂತು?

ಉತ್ತರ 1: ಜಗಳದ ಬೇರು ಜಮೀನಿನಲ್ಲಿದೆ. ಭೂಮಿ ಅದನ್ನು ಉತ್ತವನದ್ದೇ ಅಂತ ಮೊದಲ ಅಧ್ಯಕ್ಷ ಊಫ್ವೆ ಬೊನ್ಯಿ ಹೇಳಿದ್ದರು, ಅದನ್ನು ನಂಬಿ ಸಾವಿರಾರು ಕುಟುಂಬಗಳು ಬಂದು ಕಾಡು ಕಡಿದು ತೋಟ ಮಾಡಿದವು. 1980ರ ದಶಕದ ಕೊನೆಗೆ ಕೋಕೋ ಬೆಲೆ ಬಿತ್ತು. ಪಟ್ಟಣದಲ್ಲಿ ಕೆಲಸ ಸಿಗದೆ ಹುಡುಗರು ಹಳ್ಳಿಗೆ ಮರಳಿದರೆ, ಅಪ್ಪಂದಿರು ಜಮೀನನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಸಿಟ್ಟು ಬರದೆ ಇರುತ್ತಾ?

ಉತ್ತರ 2: ಒಪ್ಪುತ್ತೇನೆ, ಆದರೆ ‘ಕೊಟ್ಟಿದ್ದು’ ಅನ್ನೋದೇ ದೊಡ್ಡ ತೊಡಕು. ಕಾಗದ ಇರಲಿಲ್ಲ, ಬರೀ ಮಾತು. ಬಂದವರು ಕೊಂಡೆವು ಅಂದುಕೊಂಡರು, ಕೊಟ್ಟವರ ಮಕ್ಕಳು ಅದು ಬಳಸೋಕೆ ಬಿಟ್ಟಿದ್ದು ಅಷ್ಟೇ, ವರ್ಷವರ್ಷ ಕಾಣಿಕೆ, ಸಾವು ನೋವಿಗೆ ನೆರವು ಎಲ್ಲ ಬರಬೇಕು ಅಂದರು. ನನ್ನ ಪ್ರಕಾರ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಉತ್ತರ 3: 1998ರ ಭೂಕಾನೂನು ಮರೀಬೇಡಿ. ಹಳ್ಳಿಯ ಜಮೀನಿಗೆ ಆ ದೇಶದ ಪ್ರಜೆಗಳು ಮತ್ತು ಸರ್ಕಾರ ಮಾತ್ರ ಒಡೆಯರು, ವಿದೇಶಿಯರಿಗೆ ಗೇಣಿ ಮಾತ್ರ. ಅಲ್ಲೇ ಹುಟ್ಟಿಯೂ ಪೌರತ್ವ ಸಿಗದವರ ಗತಿ ಏನು? ‘ನೀನು ಯಾರು’ ಅನ್ನೋ ಪ್ರಶ್ನೆಗೆ ತೋಟವೇ ಪಣವಾಯಿತು. 2002ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದಾಗ ಎಷ್ಟೋ ಕುಟುಂಬಗಳು ಬೆಳೆದು ನಿಂತ ತೋಟ ಬಿಟ್ಟು ಓಡಬೇಕಾಯಿತು, ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.